ಆರು, ಎಂಟು, ಒಂಬತ್ತು

ಜುಲೈ 8, ಸೋಮವಾರ

ಪಲ್ಸ್ 108. ಬೆಳಿಗ್ಗೆ ಕಾಲೇಜು ಗೇಟಿನ ಹತ್ತಿರ 116. ಓಡಿರಲಿಲ್ಲ, ಬರೀ ನಿಂತಿದ್ದೆ.

ಫಿಸಿಯೋಥೆರಪಿಯ ಮೊದಲ ಟೆಸ್ಟಿನ ಮಾರ್ಕ್ಸ್ ಬಂತು. ಅನಾಟಮಿಯಲ್ಲಿ ಐವತ್ತಕ್ಕೆ ಹನ್ನೊಂದು. ಓದಿರಲಿಲ್ಲ ಅಂತಲ್ಲ. ಪೇಪರ್ ಕೈಗೆ ಬಂದ ತಕ್ಷಣ ನನ್ನ ಎದೆಬಡಿತ ನನಗೇ ಕೇಳಿಸತೊಡಗುತ್ತದೆ. ಆಮೇಲೆ ಓದಿದ್ದೆಲ್ಲ ಇನ್ಯಾರದೋ ತಲೆಯಲ್ಲಿ ಇರುವ ಹಾಗೆ. ಈ ಹುಡುಗಿ ಇಲ್ಲಿಗೆ ಹೇಗೆ ಬಂದಳು ಎಂದು ಇನ್ವಿಜಿಲೇಟರ್ ನನ್ನನ್ನೇ ನೋಡುತ್ತಿದ್ದರು. ಅಥವಾ ಗಡಿಯಾರವನ್ನು ನೋಡುತ್ತಿದ್ದರೋ ಏನೋ.

ಮನೆಗೆ ಬಂದರೆ ಅಜ್ಜ ಬಚ್ಚಲಿನ ಬಾಗಿಲಲ್ಲಿ ಬಿದ್ದಿದ್ದರು. ಹುಬ್ಬು ಒಡೆದಿತ್ತು. ಅತ್ತೆ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬೈಯುತ್ತಿದ್ದರು.

“ಅಪ್ಪಾ, ಇದು ಎರಡನೇ ಸಲ. ಇನ್ನೊಂದು ಸಲ ಬಿದ್ರೆ ಏನ್ ಮಾಡ್ತೀನಿ ಗೊತ್ತಲ್ಲ?”

“ಗೊತ್ತಮ್ಮ. ವೃದ್ಧಾಶ್ರಮಕ್ಕೆ ಸೇರಿಸ್ತೀಯ. ಅಲ್ಲಿ ಬೀಳೋದಕ್ಕೆ ಜಾಗ ಜಾಸ್ತಿ ಇರತ್ತೆ.”

ಅತ್ತೆ ನಗಲಿಲ್ಲ. ಅತ್ತೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಫೋನ್ ಎತ್ತುವ ಕೆಲಸ ಮಾಡುತ್ತಾರೆ. ಹಗಲೆಲ್ಲ ಅಜ್ಜ ಒಬ್ಬರೇ. ನಾನು ಈ ಮನೆಗೆ ಬಂದು ಇನ್ನೂ ಒಂದು ತಿಂಗಳು. ಅಪ್ಪನಿಗೆ ಎರಡು ವರ್ಷಕ್ಕೊಮ್ಮೆ ವರ್ಗ, ಹಾಗಾಗಿ ನಾಲ್ಕನೇ ಕ್ಲಾಸಿನಿಂದ ನನಗೆ ಹಾಸ್ಟೆಲ್. ಅಲ್ಲಿ ಕನ್ನಡ ಮಾತಾಡಿ ಸಿಕ್ಕಿಬಿದ್ದವರು ಊಟದ ಸಾಲಿನಲ್ಲಿ ಕೊನೆಗೆ ನಿಲ್ಲಬೇಕಿತ್ತು. ಅಜ್ಜನ ಜೊತೆ ಏನು ಮಾತಾಡಬೇಕೋ ನನಗೆ ಇವತ್ತಿಗೂ ಗೊತ್ತಾಗುವುದಿಲ್ಲ. “ಆರ್ ಯು ಓಕೆ?” ಅಂದೆ. ರಕ್ತ ಸುರಿಯುತ್ತಿರುವ ಮನುಷ್ಯನಿಗೆ.

ಜುಲೈ 10

ಪಲ್ಸ್ 104. ಡಾಕ್ಟರ ವೇಟಿಂಗ್ ರೂಮಿನಲ್ಲಿ 112.

ಅಜ್ಜನನ್ನು ಹತ್ತು ನಿಮಿಷ ಮಲಗಿಸಿ ಬಿಪಿ ನೋಡಿದರು. ಮೇಲಿನ ಸಂಖ್ಯೆ 150. ಎಬ್ಬಿಸಿ ನಿಲ್ಲಿಸಿದರು. ಒಂದು ನಿಮಿಷಕ್ಕೆ 116. ಮೂವತ್ತನಾಲ್ಕು ಇಳಿತ. ಇಪ್ಪತ್ತು ಇಳಿದರೇ ಅಪಾಯವಂತೆ. ನಿಂತಾಗ ರಕ್ತವೆಲ್ಲ ಕಾಲಿಗೆ ಇಳಿಯುತ್ತದೆ. ಅದನ್ನು ಮೇಲಕ್ಕೆ ದೂಡು ಎಂದು ರಕ್ತನಾಳಗಳಿಗೂ ಹೃದಯಕ್ಕೂ ಹೇಳುವ ನರಗಳಿವೆ, ನಾವು ಕೇಳದೆಯೇ ಕೆಲಸ ಮಾಡುವಂಥವು. ವಯಸ್ಸಾದ ಮೇಲೆ ಅವು ತಡ ಮಾಡುತ್ತವೆ. ಡಾಕ್ಟರು ಇದನ್ನು ಹೇಳಿದಾಗ ಅಜ್ಜ, “ಅಂದ್ರೆ ಸಾಹೇಬರು ಬೆಲ್ ಹೊಡೀತಿದಾರೆ, ಜವಾನ ಬರ್ತಿಲ್ಲ ಅನ್ನಿ,” ಅಂದರು. ಅಜ್ಜ ಮೂವತ್ತೆಂಟು ವರ್ಷ ಕೋರ್ಟಿನಲ್ಲಿ ಜವಾನರಾಗಿದ್ದವರು. ನ್ಯಾಯಾಧೀಶರು ಒಳಗೆ ಬರುವ ಮುಂಚೆ ಇಡೀ ಹಾಲಿಗೆ “ಎದ್ದೇಳಿ!” ಎಂದು ಕೂಗುತ್ತಿದ್ದವರು ಇವರೇ.

“ದಿನಾ ನಡೀರಿ. ಕಾಲಿನ ಸ್ನಾಯುಗೆ ಕೆಲಸ ಕೊಡಿ,” ಅಂದರು ಡಾಕ್ಟರು.

“ನಡೆದ್ರೆ ಜವಾನ ಸುಧಾರಿಸ್ತಾನಾ?”

“ಸುಧಾರಿಸಬಹುದು. ಗ್ಯಾರಂಟಿ ಕೊಡಲ್ಲ.”

ಅಲ್ಲಿಯವರೆಗೆ ಒಂದು ನಿಯಮ. ಮಲಗಿದವರು ಥಟ್ಟನೆ ಏಳಬಾರದು. ಎದ್ದು ಕೂತು, ಕಾಲು ಇಳಿಬಿಟ್ಟು, ಇಪ್ಪತ್ತು ಎಣಿಸಿ, ಆಮೇಲೆ ನಿಲ್ಲಬೇಕು. ಅಕ್ಟೋಬರ್ 7ಕ್ಕೆ ಮತ್ತೆ ಟೆಸ್ಟ್. ಅತ್ತೆ ಹೊರಗೆ ಬಂದು ಹೇಳಿದರು: “ಅವತ್ತು ಇಪ್ಪತ್ತಕ್ಕಿಂತ ಕಮ್ಮಿ ಬಂದ್ರೆ ಮನೆ. ಇಲ್ಲಾಂದ್ರೆ ಆಶ್ರಮ. ಅಷ್ಟರೊಳಗೆ ಬಿದ್ರೂ ಆಶ್ರಮ. ನನ್ನನ್ನ ಕಲ್ಲು ಅಂತ ಅಂದ್ಕೊಳ್ಳಿ, ಪರವಾಗಿಲ್ಲ.” ಹೇಳಿ, ಬಗ್ಗಿ ಅಜ್ಜನ ಅಂಗಿಯ ಗುಂಡಿ ಹಾಕಿದರು.

ಜುಲೈ 15, ಸೋಮವಾರ

ಪಲ್ಸ್ 106.

ಲ್ಯಾಬ್ ಮೇಡಂ ಅಸೈನ್‌ಮೆಂಟ್ ಕೊಟ್ಟರು. ಎಪ್ಪತ್ತು ದಾಟಿದ ಒಬ್ಬರನ್ನು ಹನ್ನೆರಡು ವಾರ ನಡೆಸಬೇಕು; ವಾರಕ್ಕೊಮ್ಮೆ ಮಲಗಿದಾಗಿನ ಪಲ್ಸ್, ಬಿಪಿ, ನಿಂತಾಗಿನದು, ಎಲ್ಲ ಬರೆಯಬೇಕು. ಎಲ್ಲರೂ ಗುಂಪು ಕಟ್ಟಿಕೊಂಡರು. ನನ್ನ ಬೆಂಚಿನವಳು ಹಿಂದಿನ ಬೆಂಚಿಗೆ ಹೋದಳು. ಹೋಲಿಸಿ ನೋಡುವುದಕ್ಕೆ ನಡಿಗೆ ಮಾಡದ ಇನ್ನೊಬ್ಬರು ಬೇಕು, ಕಂಟ್ರೋಲ್ ಅಂತ. ಯಾರನ್ನು ಕೇಳಲಿ? ನನ್ನ ಹೆಸರನ್ನೇ ಬರೆದುಕೊಂಡೆ.

ಬೆಳಿಗ್ಗೆ ಅಜ್ಜನನ್ನು ಮಂಚದ ಅಂಚಿಗೆ ಕೂರಿಸಿ “ಒನ್, ಟೂ, ತ್ರೀ” ಅಂತ ಎಣಿಸಿದೆ.

“ಡಾಕ್ಟ್ರಮ್ಮ, ಇದೇನು, ಓಟದ ಪಂದ್ಯಾನಾ? ನನ್ನ ಕಿವಿಗೆ ಕನ್ನಡವೇ ಅರ್ಧ ಕೇಳಿಸೋದು. ಕನ್ನಡದಲ್ಲಿ ಎಣ್ಸು.”

ಹದಿಮೂರು ಆದ ಮೇಲೆ ನಾನು ತಡವರಿಸಿದೆ. ಹದಿನೈದು, ಹದಿನಾಲ್ಕು ಅಂದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಅಳು ಬಂತು. ಅಜ್ಜನ ಎದುರಿಗಲ್ಲ, ಬಚ್ಚಲಲ್ಲಿ.

ಜುಲೈ 24

ಪಲ್ಸ್ 103. ಅಜ್ಜನ ಇಳಿತ 36. ಹೆಚ್ಚಾಗಿದೆ!

ಎರಡು ಸಲ ನೋಡಿದೆ. ತೋಳಿಗೆ ಸುತ್ತಿದ ಬಿಪಿ ಪಟ್ಟಿ ಸಡಿಲವಾಗಿತ್ತೇನೋ ಎಂದು ಮೂರನೇ ಸಲ. 36. ಒಂಬತ್ತು ದಿನದಿಂದ ಕಾರಿಡಾರಿನಲ್ಲಿ ಲಿಫ್ಟಿನಿಂದ ಮರಳಿನ ಬಕೆಟ್‌ವರೆಗೆ, ಬಕೆಟ್‌ನಿಂದ ಲಿಫ್ಟಿನವರೆಗೆ, ದಿನಕ್ಕೆ ಹದಿನಾರು ಸಲ. ಅವರ ತೋಳು ಹಿಡಿದುಕೊಂಡು ನಾನೂ. ಇಷ್ಟಾದರೂ ಅವರ ನರಗಳಿಗೆ ನಾವು ನಡೆಯುತ್ತಿರುವುದೇ ಗೊತ್ತಿಲ್ಲ.

ಬಹುಶಃ ನಾನು ಮುಟ್ಟಿದ್ದೆಲ್ಲ ಹೀಗೇ.

ಇವತ್ತು ಎಣಿಸುವಾಗ “ಏಳು” ಅಂದ ಕೂಡಲೇ ಅಜ್ಜ ಧಡಕ್ಕನೆ ಎದ್ದು ನಿಂತುಬಿಟ್ಟರು. ನಾನು ಕಿರುಚಿದೆ. ಗೋಡೆ ಹಿಡಿದುಕೊಂಡು ಕಣ್ಣು ಮುಚ್ಚಿ ನಿಂತರು, ಮುಖ ಬಿಳಿಚಿಕೊಂಡಿತ್ತು, ಆದರೂ ತುಟಿಯಲ್ಲಿ ನಗು.

“ನೀನೇ ಅಂದೆಯಲ್ಲ, ಏಳು ಅಂತ. ಮೂವತ್ತೆಂಟು ವರ್ಷದ ನೌಕರಿ. ಏಳು ಅಂದ್ರೆ ಏಳೋದೇ.”

“ನಾಟ್ ಫನ್ನಿ ಅಜ್ಜ!”

“ಬೇಕು ಅಂತ ಮಾಡಿದ್ದಲ್ಲ ಮಗಾ,” ಅಂದರು ಆಮೇಲೆ, ಸಣ್ಣ ದನಿಯಲ್ಲಿ. “ಕಾಲು ತಾನಾಗೇ ಎದ್ದುಬಿಡ್ತು.”

ಹಾಗಾಗಿ ಇವತ್ತಿನಿಂದ ನಮ್ಮ ಎಣಿಕೆಯಲ್ಲಿ ಏಳು ಇಲ್ಲ. ಆರು, ಎಂಟು, ಒಂಬತ್ತು. ಹಾಗೆ ಮಾಡಿದರೆ ಒಂದು ಕಡಿಮೆಯಾಗುತ್ತದಲ್ಲ ಎಂದರೆ, “ಆ ಒಂದಕ್ಕೋಸ್ಕರ ಯಾರು ಹೈಕೋರ್ಟಿಗೆ ಹೋಗ್ತಾರೆ, ಬಿಡು,” ಅಂದರು.

ಆಗಸ್ಟ್ 3, ಶನಿವಾರ

ಪಲ್ಸ್ 98. ಅಜ್ಜ 33.

ಮೊದಲ ಸಲ ಕೆಳಗೆ, ರಸ್ತೆಗೆ. ಅಂಚೆ ಡಬ್ಬದವರೆಗೆ ಹೋಗಿ ವಾಪಸ್. ಮೂಲೆಯಲ್ಲಿ ಬೀಗ ರಿಪೇರಿ ಮಾಡುವವನು ಬೀಗದ ಕೈ ಉಜ್ಜುವುದನ್ನು ನಿಲ್ಲಿಸಿ, “ಏನ್ ಯಜಮಾನ್ರೇ, ಸವಾರಿ ಹೊರಟುಬಿಟ್ಟಿದೆ! ಪೊಲೀಸು ಜೊತೆಗೇ ಇದಾರೆ,” ಅಂದ.

“ಜಾಮೀನಿನ ಮೇಲೆ ಬಿಟ್ಟಿದಾರೆ ಕಣಯ್ಯ,” ಅಂದರು ಅಜ್ಜ.

ವಾಪಸ್ ಬರುವಾಗ ಅವರಿಗೆ ಸುಸ್ತಾಗಿ ಡಬ್ಬದ ಪಕ್ಕದ ಕಟ್ಟೆಯ ಮೇಲೆ ಹದಿನೈದು ನಿಮಿಷ ಕೂತಿದ್ದೆವು. ಜನ ನೋಡುತ್ತಿದ್ದರು. ಇವರು ಇಲ್ಲೇ ಬಿದ್ದರೆ ನಾನು ಏನು ಮಾಡಲಿ, ಯಾರನ್ನು ಕರೆಯಲಿ, ಯಾವ ಭಾಷೆಯಲ್ಲಿ ಕರೆಯಲಿ ಎಂದು ಯೋಚಿಸುತ್ತ ನನ್ನ ಮಣಿಕಟ್ಟಿನಲ್ಲಿ ಪಲ್ಸ್ ಹುಡುಕಿದೆ. ಅಜ್ಜ ಅದನ್ನು ನೋಡಿ ತಮ್ಮ ಕೈಯನ್ನು ಅದರ ಮೇಲಿಟ್ಟರು.

ಆಗಸ್ಟ್ 19

ಕ್ಲಾಸಿನಲ್ಲಿ ಇವತ್ತು ಹತ್ತನೆಯ ನರ. ವೇಗಸ್. ಮಿದುಳಿನಿಂದ ಹೃದಯಕ್ಕೆ ಇಳಿದು ಅದಕ್ಕೆ ಬ್ರೇಕ್ ಹಾಕುವುದು ಇದೇ. ಉಸಿರು ಎಳೆದುಕೊಂಡಾಗ ಹೃದಯ ಸ್ವಲ್ಪ ಜೋರು, ಬಿಟ್ಟಾಗ ಸ್ವಲ್ಪ ನಿಧಾನ. ಈ ಏರಿಳಿತ ಎಷ್ಟು ಹೆಚ್ಚೋ ಅಷ್ಟು ಒಳ್ಳೆಯದಂತೆ. ವಯಸ್ಸಾಗುತ್ತ ಆಗುತ್ತ ಏರಿಳಿತ ಸವೆದು ಹೋಗುತ್ತದೆ. ನಾನು ಇಷ್ಟು ದಿನ ಅಜ್ಜನ ಪಲ್ಸ್ ಒಂದೇ ಸಮ ಇದೆ ಎಂದು “ಗುಡ್” ಅಂತ ಬರೆಯುತ್ತಿದ್ದೆ. ಐದು ವಾರ ತಪ್ಪು ಅರ್ಥ ಮಾಡಿಕೊಂಡಿದ್ದೆ. ಒಂದೇ ಸಮ ಇರುವುದೇ ಕಾಯಿಲೆ.

ಮನೆಗೆ ಬಂದು ಹೇಳಿದೆ. “ಓಹೋ, ಹೃದಯಾನೂ ಸರ್ಕಾರಿ ಕೆಲಸ ಮಾಡ್ತಿದೆ ಅನ್ನು. ಏರೂ ಇಲ್ಲ, ಇಳಿತಾನೂ ಇಲ್ಲ, ರಿಟೈರ್ ಆಗೋವರ್ಗೂ ಒಂದೇ ಕುರ್ಚಿ.”

ನಗು ಬರಲಿಲ್ಲ. ಎಪ್ಪತ್ತೊಂಬತ್ತು ವರ್ಷ ಸವೆದದ್ದನ್ನು ಹನ್ನೆರಡು ವಾರದ ನಡಿಗೆ ಸರಿ ಮಾಡುತ್ತದೆಯೇ? ಪುಸ್ತಕದಲ್ಲಿ “ಕೆಲವರಲ್ಲಿ” ಅಂತ ಇದೆ. ಆ ಕೆಲವರಲ್ಲಿ ನಮ್ಮ ಮನೆಯವರು ಯಾವತ್ತೂ ಇದ್ದದ್ದಿಲ್ಲ.

ಅಜ್ಜ 31. ನನ್ನದು 91.

ಸೆಪ್ಟೆಂಬರ್ 2, ಸೋಮವಾರ

ಅಜ್ಜನಿಗೆ ನೆಗಡಿ. ನಾಲ್ಕು ದಿನ ಹಾಸಿಗೆ. 28ಕ್ಕೆ ಬಂದಿದ್ದದ್ದು 33. ಕಟ್ಟಿದ್ದೆಲ್ಲ ಬರೀ ನಾಲ್ಕು ದಿನಕ್ಕೆ ಕುಸಿಯುತ್ತದೆ. ಇನ್ನು ಬರೆಯಲು ಏನೂ ಇಲ್ಲ.

ಸೆಪ್ಟೆಂಬರ್ 14

22.

ಪಾರ್ಕಿನ ಸುತ್ತ ಎರಡು ರೌಂಡ್, ಆಮೇಲೆ ಬಸ್ ಡಿಪೋ ಗೋಡೆಯವರೆಗೆ. ಮಧ್ಯೆ ಬೆಂಚಿನಲ್ಲಿ ಕೂತು ಏಳುವುದು ಹತ್ತು ಸಲ, ಹಿಮ್ಮಡಿ ಎತ್ತುವುದು ಇಪ್ಪತ್ತು. ನಾನು ಎಣಿಸುತ್ತೇನೆ, ಅಜ್ಜ ಮಾಡುತ್ತಾರೆ. ಆಮೇಲೆ ಅವರು ಎಣಿಸುತ್ತಾರೆ, ನಾನು ಮಾಡುತ್ತೇನೆ. “ಬರೀ ಪೊಲೀಸಾಗಿದ್ರೆ ಸಾಲದು, ಕೈದಿಯ ಕಷ್ಟಾನೂ ಗೊತ್ತಿರ್ಬೇಕು” ಎನ್ನುತ್ತಾರೆ.

ಇವತ್ತು ಕೋರ್ಟಿನ ಒಂದು ಕಥೆ ಹೇಳಿದರು. ಒಂದು ಕೇಸಿನಲ್ಲಿ ಒಬ್ಬ ಮುದುಕಿ ಇವರು ಕೂಗಿದರೂ ಏಳಲಿಲ್ಲವಂತೆ. ಇವರು ಹತ್ತಿರ ಹೋಗಿ ಗದರಿಸಿದರಂತೆ. ಮುದುಕಿ, “ಏಳೋಕೆ ಆಗಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ, ಮಗನೇ,” ಅಂದಳಂತೆ. “ಆಗ ನನಗೆ ಅರ್ಥ ಆಗಿರ್ಲಿಲ್ಲ,” ಅಂದರು.

ನನ್ನ ಪಲ್ಸ್ ನೋಡಿಕೊಳ್ಳಲು ಮರೆತೆ. ಕಂಟ್ರೋಲ್ ಕಾಲಮ್ ಖಾಲಿ. ಮಾರ್ಕ್ಸ್ ಕಟ್ ಆಗುತ್ತದೆ. ನಾಳೆ ನೋಡಬೇಕು.

ಸೆಪ್ಟೆಂಬರ್ 28, ಶನಿವಾರ

14.

ಬರೆಯಲು ಭಯ. ಬರೆದರೆ ಓಡಿಹೋಗುತ್ತದೇನೋ. ಮಲಗಿದಾಗ 142, ನಿಂತಾಗ 128. ಮೂರು ನಿಮಿಷಕ್ಕೆ 132. ಮಲಗಿದಾಗಿನ ಪಲ್ಸ್ ಕೂಡ 84ರಿಂದ 75ಕ್ಕೆ ಬಂದಿದೆ. ಅತ್ತೆ ಎರಡು ಸಲ ಕೇಳಿದರು, “ಮಷೀನು ಸರಿ ಇದೆ ತಾನೇ?” ಆಮೇಲೆ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದರು. ನೀರು ಸುಮ್ಮನೆ ಹರಿಯುತ್ತಿತ್ತು, ಪಾತ್ರೆಯ ಸದ್ದು ಇರಲಿಲ್ಲ.

“ಡಾಕ್ಟ್ರಮ್ಮ, ಏಳನೇ ತಾರೀಕು ನನ್ನ ತೀರ್ಪು,” ಅಂದರು ಅಜ್ಜ.

“ಏಳು ಅನ್ನಬಾರದು ಅಜ್ಜ.”

“ಆರಾದ್ಮೇಲೆ ಬರೋ ತಾರೀಕು,” ಅಂದರು.

ಮೂರನೇ ತಾರೀಕು ನನಗೆ ಮತ್ತೆ ಅನಾಟಮಿ ಟೆಸ್ಟ್. ತಲೆಯ ಹನ್ನೆರಡು ನರಗಳು, ಕ್ರಮವಾಗಿ. ನಡೆಯುವಾಗ ಬಾಯಿಪಾಠ ಮಾಡುತ್ತಿದ್ದೇನೆ. ಒಂದು, ಆಲ್ಫ್ಯಾಕ್ಟರಿ. ಎರಡು, ಆಪ್ಟಿಕ್. ಕನ್ನಡ ಅಂಕಿ ಹಾಕಿಕೊಂಡರೆ ನೆನಪಿರುತ್ತದೆ, ಯಾಕೋ ಗೊತ್ತಿಲ್ಲ. ಇದರಲ್ಲೂ ಫೇಲ್ ಆದರೆ ಕಾಲೇಜು ಬಿಡುತ್ತೇನೆ.

ಅಕ್ಟೋಬರ್ 3

ನಾನು ಎಣಿಸುತ್ತಿರಲಿಲ್ಲ. ಓದುತ್ತಿದ್ದೆ.

ಅಕ್ಟೋಬರ್ 4

ನಿನ್ನೆಯದನ್ನು ಬರೆದು ಮುಗಿಸಬೇಕು.

ಬೆಳಿಗ್ಗೆ ಏಳೂವರೆ. ಅತ್ತೆ ಕೆಲಸಕ್ಕೆ ಹೋಗಿಯಾಗಿತ್ತು. ನಾನು ಹಾಲಿನಲ್ಲಿ ಬಿಳಿ ಕೋಟಿಗೆ ಇಸ್ತ್ರಿ ಹಾಕುತ್ತಿದ್ದೆ, ಬಾಯಲ್ಲಿ ನರಗಳು. ಅಜ್ಜ ಒಳಗೆ ಮಲಗಿದ್ದಾರೆ, ಇನ್ನೂ ಎದ್ದಿಲ್ಲ ಅಂದುಕೊಂಡಿದ್ದೆ. ಅವರು ಎದ್ದು ಕೂತು ಕಾಲು ಇಳಿಬಿಟ್ಟಿದ್ದರು. ಅವರ ಕಿವಿಗೆ ಅರ್ಧ ಮಾತ್ರ ಕೇಳಿಸುವುದು. ಆಲ್ಫ್ಯಾಕ್ಟರಿ, ಆಪ್ಟಿಕ್ ಇವೆಲ್ಲ ಅವರಿಗೆ ಬರೀ ಗುಂಯ್ ಅನ್ನುವ ಸದ್ದು. ಅಂಕಿಗಳು ಮಾತ್ರ ಕೇಳಿಸಿವೆ.

ಐದು, ಟ್ರೈಜೆಮಿನಲ್. ಆರು, ಅಬ್ಡ್ಯೂಸೆನ್ಸ್.

ಆರಾದ ಮೇಲೆ ಬರುವುದನ್ನೂ ಹೇಳಿದೆ. ಜೋರಾಗಿ ಹೇಳಿದೆ. ಆ ನರ ನನಗೆ ಯಾವಾಗಲೂ ಮರೆಯುತ್ತದೆ, ಅದಕ್ಕೇ ಜೋರಾಗಿ.

ಮೊದಲು ಮಂಚದ ಸದ್ದು, ಆಮೇಲೆ ನೆಲದ ಸದ್ದು.

ಇಂಗ್ಲಿಷಿನಲ್ಲೇ ಓದಿಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ.

ಇಸ್ತ್ರಿ ಪೆಟ್ಟಿಗೆಯನ್ನು ಕೋಟಿನ ಮೇಲೇ ಬಿಟ್ಟು ಓಡಿದೆ. ಅಜ್ಜನ ಎಡಗಾಲು ತಪ್ಪು ಕಡೆಗೆ ತಿರುಗಿತ್ತು. ಅದರ ಹೆಸರು ನನಗೆ ಗೊತ್ತು, ಪುಸ್ತಕದಲ್ಲಿ ಇದೇ ಚಿತ್ರ ಇದೆ. ದಿಂಬು ಕೊಟ್ಟೆ, ಕಾಲು ಅಲ್ಲಾಡದಂತೆ ಎರಡೂ ಕಡೆ ಹೊದಿಕೆ ಸುರುಳಿ ಸುತ್ತಿ ಇಟ್ಟೆ, ಆಂಬುಲೆನ್ಸಿಗೆ ಫೋನ್ ಮಾಡಿ ವಿಳಾಸ, ಮಹಡಿ, ಲಿಫ್ಟಿನ ಅಳತೆ ಎಲ್ಲ ಹೇಳಿದೆ. ಸ್ಟ್ರೆಚರ್ ಲಿಫ್ಟಿಗೆ ಹಿಡಿಸುವುದಿಲ್ಲ ಎಂದು ಮೊದಲೇ ಹೇಳಿದ್ದಕ್ಕೆ ಅವರು ಕುರ್ಚಿ ತಂದರು. ಇದೆಲ್ಲ ಮಾಡಿ ಏನು ಪ್ರಯೋಜನ?

ಅತ್ತೆ ಆಸ್ಪತ್ರೆಗೆ ಓಡಿ ಬಂದಾಗ ನಾನು ಬಾಯಿ ತೆರೆದೆ. ಅಜ್ಜ ನನಗಿಂತ ಮುಂಚೆ ಮಾತಾಡಿದರು.

“ಒಂದಕ್ಕೆ ಅವಸರ ಆಯ್ತಮ್ಮ. ನಾನೇ ಎದ್ದೆ. ಇವಳು ಬೇಡ ಬೇಡ ಅಂದ್ಲು.”

ಅತ್ತೆ ಅಲ್ಲೇ ಗೋಡೆಗೆ ಒರಗಿ ನಿಂತರು. “ಅಪ್ಪಾ, ಇನ್ನು ನಾಲ್ಕು ದಿನ. ನಾಲ್ಕೇ ದಿನ ಇತ್ತಲ್ಲ ಅಪ್ಪಾ.”

ಅತ್ತೆ ಫಾರಂ ತುಂಬಲು ಹೋದ ಮೇಲೆ ಅಜ್ಜ ನನ್ನನ್ನು ಹತ್ತಿರಕ್ಕೆ ಕರೆದರು. “ಸಾಕ್ಷಿ ಹೇಳಿಬಿಟ್ಟಿದೀನಿ. ಇನ್ನು ನೀನು ಬಂದು ಕೇಸು ಕೆಡಿಸ್ಬೇಡ.”

ಅಕ್ಟೋಬರ್ 7, ಸೋಮವಾರ

ಸೊಂಟಕ್ಕೆ ರಾಡ್ ಹಾಕಿದ್ದಾರೆ. ಇವತ್ತು ಡಾಕ್ಟರ ಹತ್ತಿರ ಟೆಸ್ಟಿಗೆ ಹೋಗಬೇಕಿತ್ತು. ಕ್ಲಿನಿಕ್ಕಿನಿಂದ ಫೋನ್ ಬಂತು, ಯಾಕೆ ಬರಲಿಲ್ಲ ಎಂದು. ರಾಂಗ್ ನಂಬರ್ ಅಂದೆ.

ಅಕ್ಟೋಬರ್ 11

ತಪ್ಪಿದ ಟೆಸ್ಟನ್ನು ಇವತ್ತು ಬರೆಸಿದರು. ಖಾಲಿ ರೂಮು, ನಾನೊಬ್ಬಳೇ, ಫ್ಯಾನಿನ ಸದ್ದು ಕೇಳಿಸುತ್ತಿತ್ತು. ಒಂದು ಗಂಟೆಯೊಳಗೆ ಬರೆದು ಎದ್ದೆ. ಹನ್ನೊಂದು ನರ ಬರೆದೆ. ಒಂದನ್ನು ಬಿಟ್ಟೆ. ಗೊತ್ತಿರಲಿಲ್ಲ ಅಂತಲ್ಲ.

ಲ್ಯಾಬ್ ಮೇಡಂ ಅಸೈನ್‌ಮೆಂಟ್ ಪುಸ್ತಕ ತಿರುವಿ ಹಾಕಿದರು. “ಕಂಟ್ರೋಲ್‌ಗೆ ಹದಿನೆಂಟು ವರ್ಷ, ಸಬ್ಜೆಕ್ಟ್‌ಗೆ ಎಪ್ಪತ್ತೊಂಬತ್ತು. ಇದೆಂಥ ಹೋಲಿಕೆ? ಅದಿರಲಿ, ಕಂಟ್ರೋಲ್ ನಡೀಬಾರದು ಅಲ್ವಾ?”

“ನಡೆದಿಲ್ಲ ಮೇಡಂ. ಅಜ್ಜನ ಕೈ ಹಿಡ್ಕೊಂಡಿದ್ದೆ ಅಷ್ಟೇ.”

ಅವರು ಪೆನ್ನಿನ ತುದಿಯಿಂದ ನನ್ನ ಕಾಲಮ್ಮಿನ ಮೇಲೆ ಕೆಳಕ್ಕೆ ಇಳಿದರು. 106. 103. 98. 91. ಖಾಲಿ. 79. 74. “ಇದು ಯಾರ ಗ್ರಾಫು ಅಂತ ನಿನಗೆ ಗೊತ್ತಾ?” ಅಂದರು. ಗದರಿಸುವ ದನಿಯಲ್ಲ. ನಾನು ತಪ್ಪಾಯಿತು ಅಂದೆ. ಪ್ರಯೋಗ ಪೂರ್ತಿ ಕೆಟ್ಟಿದೆ, ಅದನ್ನು ಯಾವ ಲೆಕ್ಕಕ್ಕೂ ತೆಗೆದುಕೊಳ್ಳುವ ಹಾಗಿಲ್ಲ. ಇಪ್ಪತ್ತಕ್ಕೆ ಎಂಟು.

ಆಸ್ಪತ್ರೆಗೆ ನಡೆದೇ ಹೋದೆ, ನಾಲ್ಕು ಸ್ಟಾಪು. ಬಸ್ಸಿನಲ್ಲಿ ಕೂತು ಯೋಚಿಸುವುದು ನನ್ನಿಂದ ಆಗದು.

ಅಕ್ಟೋಬರ್ 18, ಶುಕ್ರವಾರ

ನಾಳೆ ಅಜ್ಜ ಆಶ್ರಮಕ್ಕೆ. ಅತ್ತೆ ಬಟ್ಟೆಗಳ ಮೇಲೆ ಮಂಚದ ನಂಬರ್ ಹೊಲಿಯುತ್ತಿದ್ದಾರೆ, ಅಲ್ಲಿ ಹಾಗೇ ರೂಲ್ ಅಂತೆ. ಸತ್ಯ ಹೇಳೋಣ ಎಂದು ಅವರ ಪಕ್ಕ ಕೂತೆ. ಅತ್ತೆ ಸೂಜಿಗೆ ದಾರ ಪೋಣಿಸಲು ನನ್ನ ಕೈಗೆ ಕೊಟ್ಟರು. ಪೋಣಿಸಿ ಕೊಟ್ಟೆ. ಹೇಳಲಿಲ್ಲ.

ಮಧ್ಯಾಹ್ನ ವಾರ್ಡಿನ ಫಿಸಿಯೋ ಅಜ್ಜನನ್ನು ನಿಲ್ಲಿಸಲು ಬಂದಿದ್ದರು. ಹದಿನೈದು ದಿನ ಮಲಗಿದ್ದಾರೆ. ಕೂರಿಸಿದ್ದಕ್ಕೇ ಬಿಪಿ ಮೂವತ್ತೆಂಟು ಇಳಿಯಿತು. ತೊಡೆ ನನ್ನ ತೋಳಿನಷ್ಟಾಗಿದೆ. ಇಷ್ಟು ದಿನ ಪಾರ್ಕಿನ ಸುತ್ತ ಹೊಡೆದ ಒಂದೊಂದು ರೌಂಡೂ ಎಲ್ಲಿಗೆ ಹೋಯಿತು? ಕಾರಿಡಾರು, ಅಂಚೆ ಡಬ್ಬ, ಡಿಪೋ ಗೋಡೆ, ಯಾವುದೂ ಅವರ ಮೈಯಲ್ಲಿ ಉಳಿದಿಲ್ಲ. ಅವರ ನರಗಳು ಜುಲೈಗಿಂತ ಹಿಂದಕ್ಕೆ ಹೋಗಿವೆ.

“ಮೊಮ್ಮಗಳು ಹೇಳಿದ್ರೆ ಮಾತ್ರ ಏಳ್ತಾರಂತೆ. ನೀವು ಎಣಿಸಿ,” ಅಂದರು ಫಿಸಿಯೋ ನನಗೆ, ವಾಕರನ್ನು ಸರಿಯಾಗಿ ನಿಲ್ಲಿಸುತ್ತ.

ನಾನು ಮಂಚದ ಪಕ್ಕ ಮಂಡಿಯೂರಿದೆ. ಅಜ್ಜನ ಕಾಲು ಕೆಳಗೆ ಇಳಿಬಿಟ್ಟಿತ್ತು, ಪಾದ ತಣ್ಣಗಿತ್ತು. ಕಣ್ಣು ಮುಚ್ಚಿದ್ದರು.

ಒಂದು. ಎರಡು. ಮೂರು. ನಾಲ್ಕು. ಐದು. ಆರು.

ಅಲ್ಲಿ ನಿಂತೆ. ಅಜ್ಜ ಕಾದರು. ಫಿಸಿಯೋ ಕೂಡ ಕಾದರು.

“ಏಳು,” ಅಂದೆ.

ಅವರ ಮಂಡಿ ನೋಡಿದೆ. ಅದು ಅಲ್ಲಾಡಲಿಲ್ಲ.

“ಏಳು ಅಜ್ಜ,” ಅಂದೆ, ಇನ್ನೂ ಜೋರಾಗಿ. “ಏಳು.”

“ಎಂಟು,” ಅಂದರು ಅಜ್ಜ, ಕಣ್ಣು ತೆರೆಯದೆ. “ಒಂಬತ್ತು. ಹತ್ತು.” ಆಮೇಲೆ ಇಪ್ಪತ್ತರವರೆಗೂ ಅವರೇ ಎಣಿಸಿದರು, ನಿಧಾನವಾಗಿ, ಒಂದನ್ನೂ ಬಿಡದೆ.